ಅತ್ತೆಗೊಂದು ಬಾಡಿಗೆ ಮನೆ

ಜೂನ್ ೪

ದೇವರ ದಯೆ

ಮಗಳಿಗೆ ಅಮ್ಮನ ಆಶೀರ್ವಾದ.

ಬಂದು ತಲುಪಿದೆ. ತಂದ ಸಾಮಾನೆಲ್ಲ ನೆಟ್ಟಗಿದೆ, ನಾನು ಮಾತ್ರ ಇನ್ನೂ ನೆಟ್ಟಗಾಗಿಲ್ಲ. ನಮ್ಮ ಲಾಂಡ್ರಿಯನ್ನು ಇಲ್ಲಿಗೆ ಸಾಗಿಸಿದವರು ಯಂತ್ರಗಳಿಗೆ ದೊಡ್ಡ ಶೆಡ್ಡು ಕಟ್ಟಿಸಿದ್ದಾರೆ. ಮನುಷ್ಯರಿಗೆ ಅದರ ಹಿಂದೆ ಒಂದು ಉದ್ದನೆಯ ಕೋಣೆ. ನಮ್ಮೂರಿನಿಂದ ಕೆಲಸದ ಜೊತೆ ಬಂದ ಹೆಂಗಸರೆಲ್ಲ ಅಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗುತ್ತೇವೆ. ಆಗಸ್ಟ್ ಮುಗಿಯುವುದರೊಳಗೆ ಅದನ್ನೂ ಬಿಡಬೇಕು, ಅಲ್ಲಿಗೆ ಇನ್ನೆರಡು ಯಂತ್ರ ಬರುತ್ತವಂತೆ. ಬಾಡಿಗೆಗೆ ಮನೆ ನೋಡಿಕೊಳ್ಳಿ ಎಂದು ಮೇಸ್ತ್ರಿ ಹೇಳಿದ. ಎಲ್ಲಿ ನೋಡಬೇಕು ಎಂದು ಕೇಳಿದರೆ, "ಊರು ದೊಡ್ಡದಿದೆಯಲ್ಲಮ್ಮ" ಅಂದ.

ಊರು ದೊಡ್ಡದಿರುವುದೇ ನನ್ನ ಭಯ. ಭಾನುವಾರ ರೈಲು ಹಳಿಯ ಆಚೆಗಿನ ಕಾಲೊನಿಗೆ ಹೋಗಿದ್ದೆ. ನನಗೆ ಗೊತ್ತಿರುವುದು ಬಟ್ಟೆಯೊಂದೇ. ಆದ್ದರಿಂದ ಹೊಸ ಬೀದಿಗೆ ಹೋದರೆ ಮೊದಲು ಹಗ್ಗದ ಮೇಲೆ ಒಣಗುವ ಬಟ್ಟೆ ನೋಡುತ್ತೇನೆ. ಅಲ್ಲಿ ಒಂದು ಚಿಂದಿಯೂ ಹೊರಗಿರಲಿಲ್ಲ. ಪ್ರತಿ ಬಾಗಿಲಿಗೂ ಕಣ್ಣಿನ ಮಟ್ಟಕ್ಕೆ ಒಂದು ತೂತು. ಒಳಗಿನವರು ನನ್ನನ್ನು ನೋಡುತ್ತಿದ್ದಾರೆ, ನಾನು ಮರದ ಹಲಗೆ ನೋಡುತ್ತಾ ನಿಂತಿದ್ದೇನೆ. ಯಾರೂ ಬಾಗಿಲು ತೆಗೆಯಲಿಲ್ಲ.

ಆಮೇಲೆ ಮಾರುಕಟ್ಟೆಯ ಹಿಂದಿನ ಗೋಡೌನುಗಳ ಕಡೆ ಹೋದೆ. ಮೇಲಿನ ಕೋಣೆಗಳು ಬಾಡಿಗೆಗಿವೆ. ಕತ್ತಲು ಮೆಟ್ಟಿಲು, ತಿರುವಿನಲ್ಲಿ ಯಾರೋ ಒಬ್ಬ ಕೂತಿದ್ದಾನೆ. ಏಳಲಿಲ್ಲ, ಕಾಲೂ ಮಡಿಸಲಿಲ್ಲ. ದಾಟಲು ಧೈರ್ಯ ಸಾಲದೆ ಇಳಿದು ಬಂದೆ. ನಮ್ಮ ವ್ಯಾನು ಓಡಿಸುವವನಿಗೆ ಇದನ್ನು ಹೇಳಿದರೆ, "ಮನೆ ನಾವು ನೋಡೋದಲ್ಲಕ್ಕ, ಮನೆ ನಮ್ಮನ್ನ ನೋಡೋದು. ನಿಮ್ಮನ್ನ ನೋಡಿ ಆ ಮನೆಗೇ ಭಯವಾಗಿರಬೇಕು" ಎಂದು ನಕ್ಕ. ಒಳ್ಳೆಯವನು. ಆಸ್ಪತ್ರೆಗಳ ಬಟ್ಟೆ ತರುವುದು, ಮುಟ್ಟಿಸುವುದು ಅವನ ಕೆಲಸ.

ನನ್ನದಿರಲಿ. ಬಸ್ಸು ಹತ್ತಿಸಲು ಬಂದಾಗ ಅಷ್ಟು ಸೆಕೆಯಲ್ಲೂ ನೀನು ಕಿವಿ ಮುಚ್ಚುವ ಹಾಗೆ ಸ್ಕಾರ್ಫ್ ಸುತ್ತಿಕೊಂಡಿದ್ದೆ. ಕೇಳಿದ್ದಕ್ಕೆ ಬಾಗಿಲು ಬಡಿಯಿತು ಅಂದೆ. ಯಾವ ಬಾಗಿಲು ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೇಳಬೇಕಿತ್ತು ಅನ್ನಿಸಿತು.

ಚಿನಕುರುಳಿಗೆ ಮುತ್ತು. ಈ ಅಜ್ಜಿಗೆ ಯಾವ ಬೀದಿ ಚೆಂದ ಎಂದು ಅವಳನ್ನೇ ಕೇಳಿ ಬರೆ.

ನಿನ್ನ ಅಮ್ಮ


ಜೂನ್ ೧೫

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಸೇರಿತು. ನಾವೆಲ್ಲರೂ ಚೆನ್ನಾಗಿದ್ದೇವೆ. ನನಗೆ ಯಾವ ತೊಂದರೆಯೂ ಇಲ್ಲ. ಮಗಳು ಚೆನ್ನಾಗಿ ಓದುತ್ತಿದ್ದಾಳೆ. ನೀವು ಒಂಟಿಯಾಗಿ ಮನೆ ಹುಡುಕುವುದು ಇವರಿಗೆ ಇಷ್ಟವಿಲ್ಲ. ಇವರ ಗೆಳೆಯರೊಬ್ಬರು ಅದೇ ಊರಿನಲ್ಲಿ ಲಾರಿ ಆಫೀಸಿನಲ್ಲಿದ್ದಾರೆ, ಅವರ ಬೀದಿಯಲ್ಲೇ ಮನೆ ಖಾಲಿಯಿದೆಯಂತೆ. ನೀವು ಅಲ್ಲಿಯೇ ಇರಬೇಕೆಂದು ನಮ್ಮೆಲ್ಲರ ಆಸೆ. ಯಾವ ಮನೆ ನೋಡಿದರೂ ಅದಕ್ಕೆ ಹಿಂಬಾಗಿಲು ಇದೆಯೇ ಎಂದು ನೋಡಿರಿ.

ಇಂತಿ,
ನಿಮ್ಮ ಮಗಳು

ಅತ್ತೆಯವರಿಗೆ ಅಳಿಯನ ನಮಸ್ಕಾರ. ನಿಮ್ಮ ಪತ್ರ ಓದಿ ಆ ಬಾಗಿಲನ್ನು ರಿಪೇರಿ ಮಾಡಿಸಿದ್ದೇನೆ. ಇನ್ನು ಬಡಿಯುವುದಿಲ್ಲ. ನನ್ನ ಗೆಳೆಯ ನಿಮ್ಮನ್ನು ಬಂದು ಕಾಣುತ್ತಾನೆ. ಯಾವ ಮನೆ ಹಿಡಿದರೂ ವಿಳಾಸವನ್ನು ಸರಿಯಾಗಿ ಬರೆಯಿರಿ. ಮೊಮ್ಮಗಳಿಗೆ ಅಜ್ಜಿ ಎಲ್ಲಿದ್ದಾಳೆಂದು ಗೊತ್ತಿರಬೇಕಲ್ಲವೇ.


ಜೂನ್ ೧೭

ಅಮ್ಮಾ,

ಆ ಪತ್ರ ನನ್ನದಲ್ಲ. ಕೈ ನನ್ನದು, ಅಷ್ಟೇ. ಅವರು ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಸಾಲು ಸಾಲಾಗಿ ಹೇಳಿ ಬರೆಸಿದರು. ಹಿಂಬಾಗಿಲಿನ ಮಾತೊಂದು ಮಾತ್ರ ನಾನಾಗಿ ಸೇರಿಸಿದ್ದು. "ಇದ್ಯಾಕೆ?" ಅಂದರು. "ಬೆಂಕಿಗಿಂಕಿ ಬಿದ್ರೆ" ಅಂದೆ. ಬಿಟ್ಟರು.

ಇದನ್ನು ಟೈಲರ್ ಅಕ್ಕನ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಚಿನಕುರುಳಿಯ ಸ್ಕೂಲ್ ಫ್ರಾಕಿನ ಅಂಚನ್ನು ನಾನೇ ಬಿಚ್ಚಿ, ಹೊಲಿಸುವ ನೆವದಲ್ಲಿ ಬಂದೆ. ಫೋನು ಅವರ ಜೇಬಿನಲ್ಲೇ ಇರುತ್ತದೆ.

ಅದು ಬಾಗಿಲಲ್ಲ ಅಮ್ಮ. ನಿನಗೂ ಗೊತ್ತು. ಆ ಕಿವಿ ಈಗ ಸರಿಯಾಗಿ ಕೇಳಿಸುವುದಿಲ್ಲ. ನಿನ್ನ ಪತ್ರ ಬಂದ ದಿನ ಇನ್ನೊಂದು ಕಡೆಯೂ ಆಯಿತು, ನಿನಗೆ ಯಾಕೆ ಹೇಳಿದೆ ಎಂದು. ಒಮ್ಮೆ ಪೊಲೀಸ್ ಸ್ಟೇಷನ್ನಿಗೂ ಹೋಗಿದ್ದೆ, ನಿನ್ನ ಹತ್ತಿರ ಹೇಳಿರಲಿಲ್ಲ. ಅವರನ್ನು ಕರೆಸಿ ಕುರ್ಚಿ ಕೊಟ್ಟರು, ನನಗೆ ಬುದ್ಧಿವಾದ ಕೊಟ್ಟರು, ಇಬ್ಬರನ್ನೂ ಒಂದೇ ಆಟೋದಲ್ಲಿ ಕಳಿಸಿದರು.

ಚಿನಕುರುಳಿ ಈಗ ಚಟಪಟ ಅನ್ನುವುದಿಲ್ಲ. ಗೇಟಿನ ಸದ್ದಾದರೆ ನನಗಿಂತ ಮೊದಲು ಟಿವಿ ಸಣ್ಣ ಮಾಡುತ್ತಾಳೆ. ಮೊನ್ನೆ ನಾನು ಪಾತ್ರೆ ತೊಳೆಯುವಾಗ ಬಂದು ನನ್ನ ಕೈಬಳೆ ಕಳಚಿ ಇಟ್ಟಳು. "ಸದ್ದಾಗತ್ತೆ ಅಮ್ಮ" ಅಂದಳು. ಆರು ವರ್ಷದ ಮಗು. ಅವತ್ತೇ ನಿರ್ಧಾರ ಮಾಡಿದೆ.

ನೀನು ಒಬ್ಬಳಿಗೆ ಮನೆ ನೋಡಬೇಡ, ಮೂವರಿಗೆ ನೋಡು. ಆ ಗೆಳೆಯನ ಬೀದಿ ಬೇಡ. ದೊಡ್ಡ ರಸ್ತೆಗೆ ಕಾಣುವ ಮನೆ ಬೇಡ. ಹೊರಗೆ ಹೋಗಲು ಎರಡು ದಾರಿ ಇರಲಿ. ಅಪ್ಪ ಎಂದು ಹೇಳಿಕೊಂಡು ಯಾರು ಬಂದರೂ ಮಗುವನ್ನು ಕೈಗೆ ಕೊಡದ ಸ್ಕೂಲು ಹತ್ತಿರದಲ್ಲಿರಲಿ. ಮದುವೆಗೆ ಮುಂಚೆ ಕಲಿತ ದಾದಿಯ ಕೆಲಸ ಮರೆತಿಲ್ಲ, ದುಡಿಯುತ್ತೇನೆ. ನಿನ್ನ ಲಾಂಡ್ರಿ ಎಲ್ಲಿದೆ ಎಂದು ಅವರಿಗೆ ಗೊತ್ತು. ಗೇಟಿನಲ್ಲಿ ನಿಂತು ನಿನ್ನ ಹಿಂದೆಯೇ ಬಂದರೆ ಏನು ಮಾಡುವುದು ಎಂಬುದೊಂದು ನನ್ನ ತಲೆಗೆ ಹೊಳೆಯುತ್ತಿಲ್ಲ.

ನಿಜವನ್ನು ಅಕ್ಕನ ಅಂಗಡಿಗೆ ಬರೆ. ಮನೆಗೂ ಬರೆಯುತ್ತಿರು, ನಿಲ್ಲಿಸಿದರೆ ಅನುಮಾನ ಬರುತ್ತದೆ.

ಮಗಳು


ಜುಲೈ ೯
ಟೈಲರ್ ಅಕ್ಕನ ಕೈಗೆ

ದೇವರ ದಯೆ

ಮಗಳೇ,

ನಿನ್ನ ಪತ್ರ ಓದಿ ನಾನು ಅಳಲಿಲ್ಲ. ಅಳುವುದಕ್ಕೆ ಜಾಗ ಈ ಊರಿನಲ್ಲಿ ಇನ್ನೂ ಸಿಕ್ಕಿಲ್ಲ. ಉದ್ದನೆಯ ಕೋಣೆಯಲ್ಲಿ ಒಬ್ಬಳು ಮಗ್ಗುಲು ಬದಲಿಸಿದರೆ ಉಳಿದವರಿಗೆಲ್ಲ ಎಚ್ಚರವಾಗುತ್ತದೆ.

ತಡವಾಗಿ ಬರೆಯುತ್ತಿದ್ದೇನೆ. ಅಳಿಯಂದಿರ ಗೆಳೆಯ ಎರಡು ಸಲ ಲಾಂಡ್ರಿಗೆ ಬಂದು ಹೋದ. ಎರಡನೆಯ ಸಲ ಅವನ ಜೊತೆ ಹೋಗಿ ಆ ಮನೆ ನೋಡಲೇಬೇಕಾಯಿತು. ಆ ಮನೆಯಲ್ಲಿ ಒಂದು ಕೊರತೆಯೂ ಹೇಳುವಂತಿಲ್ಲ, ಗಾಳಿ ಬೆಳಕು ಎಲ್ಲ ಇದೆ. "ನಿಮ್ಮ ಬಾಗಿಲು ನನ್ನ ಕಿಟಕಿಗೆ ನೇರ ಕಾಣತ್ತಮ್ಮ, ಏನೂ ಹೆದರಬೇಡಿ" ಅಂದ. ಹೆದರಿಕೆ ಶುರುವಾದದ್ದೇ ಅಲ್ಲಿ.

ಆಮೇಲೆ ಒಂದು ದಿನ ವ್ಯಾನಿನವನ ಜೊತೆ ಹೆರಿಗೆ ಆಸ್ಪತ್ರೆಗೆ ಬಟ್ಟೆ ಎಣಿಸಿಕೊಡಲು ಹೋದೆ. ಅದು ಒಂದು ಕಿರುಓಣಿಯ ತುದಿಯಲ್ಲಿದೆ. ಓಣಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಎರಡೂ ಕಡೆ ಹಳೆಯ ಮನೆಗಳು, ಪ್ರತಿ ಮನೆಯ ಮುಂದೆಯೂ ಹಗ್ಗ, ಪ್ರತಿ ಹಗ್ಗದ ಮೇಲೂ ಒಂದು ಗಂಡಸಿನ ಅಂಗಿ. ಸಂಸಾರವಂದಿಗರ ಬೀದಿ ಎಂದು ಸಮಾಧಾನವಾಯಿತು. ಹತ್ತಿರ ಹೋಗಿ ನೋಡಿದರೆ ಒಂದು ಅಂಗಿಯ ಕಾಲರಿನಲ್ಲೂ ಬೆವರಿನ ಗೆರೆಯಿಲ್ಲ, ಮೊಣಕೈಯಲ್ಲಿ ಸುಕ್ಕಿಲ್ಲ. ಒಂದು ಮನೆಯ ಜಗಲಿಯ ಮೇಲೆ ಕೂತಿದ್ದ ಮುದುಕಿಯನ್ನು ಕೇಳಿಯೇಬಿಟ್ಟೆ.

"ಈ ಓಣಿಯ ಗಂಡಸರಿಗೆ ಕತ್ತೇ ಇಲ್ವೇನಮ್ಮ?"

"ಕತ್ತಿರೋರು ಬೇಡ ಅಂತಾನೇ ನಾವೆಲ್ಲ ಇಲ್ಲಿಗೆ ಬಂದಿರೋದು" ಅಂದಳು. ನಕ್ಕಳು, ಆದರೆ ಓಣಿಯ ಬಾಯಿಯ ಕಡೆ ಒಮ್ಮೆ ನೋಡಿ ಆಮೇಲೆ ನಕ್ಕಳು.

ಆಕೆ ಹಿಂದೆ ಆ ಆಸ್ಪತ್ರೆಯಲ್ಲೇ ಸೂಲಗಿತ್ತಿಯಾಗಿದ್ದವಳು. ಓಣಿಯಲ್ಲಿರುವುದೆಲ್ಲ ಒಬ್ಬೊಬ್ಬರೇ ಇರುವ ಹೆಂಗಸರು, ಓಡಿ ಬಂದವರು, ಬಿಟ್ಟು ಬಂದವರು. ಹಗ್ಗದ ಮೇಲೆ ಅಂಗಿಯಿದ್ದರೆ ಬೀದಿಯ ಪುಂಡರು ಎರಡು ಸಲ ಯೋಚಿಸುತ್ತಾರಂತೆ. "ನಿಮ್ಮ ಮನೇಲಿ ಗಂಡಸರು ಯಾರಿದ್ದಾರೆ?" ಎಂದು ಕೇಳಿದಳು. "ಗಂಡಸಿಲ್ಲ, ಗಂಡಸಿನ ಭಯ ಇದೆ" ಅಂದೆ. ಎದ್ದು ಬೀಗದಕೈ ತಂದಳು.

ಎರಡು ಕೋಣೆ. ಮುಂದಿನ ಬಾಗಿಲು ಓಣಿಗೆ, ಹಿಂದಿನದು ಆಸ್ಪತ್ರೆಯ ಹಿತ್ತಲಿಗೆ, ಕೊಳೆ ಬಟ್ಟೆಯ ಗಂಟು ಇಡುವ ಜಾಗಕ್ಕೆ. ಸಂಜೆ ವ್ಯಾನು ಅಲ್ಲಿಗೇ ಬರುತ್ತದೆ. ನೀನು ಕೇಳಿದ್ದಕ್ಕೆ ಉತ್ತರ ಅದೇ: ನಾನು ಲಾಂಡ್ರಿಯ ಗೇಟಿನಿಂದ ನಡೆದು ಹೊರಗೆ ಬರುವುದೇ ಇಲ್ಲ, ವ್ಯಾನಿನೊಳಗೆ ಗಂಟುಗಳ ನಡುವೆ ಇನ್ನೊಂದು ಗಂಟಾಗಿ ಬರುತ್ತೇನೆ. ಆಸ್ಪತ್ರೆಗೆ ಹಗಲಿನ ದಾದಿ ಬೇಕಾಗಿದೆ, ಸೂಲಗಿತ್ತಿಯಮ್ಮ ಮಾತಾಡಿದ್ದಾಳೆ. ಪಕ್ಕದ ಸ್ಕೂಲಿನ ಟೀಚರ್ ಹತ್ತಿರ ಹೋಗಿ, ಮಗುವನ್ನು ಸಂಜೆ ಯಾರ ಕೈಗೆ ಕೊಡುತ್ತೀರಿ ಎಂದು ಕೇಳಿದೆ. "ಸೇರಿಸಿದೋರ ಕೈಗೆ. ಬೇರೆಯವರು ಯಾರು ಬಂದ್ರೂ ನನ್ನ ದಾಟಿಕೊಂಡು ಹೋಗ್ಬೇಕು" ಅಂದಳು. ನಮ್ಮ ಚಿನಕುರುಳಿಗಿಂತ ಒಂದು ಗೇಣು ಎತ್ತರವಿದ್ದಾಳೆ ಅಷ್ಟೆ. ಆದರೂ ನಂಬಿಕೆ ಬಂತು.

ಮುಂಗಡ ಕೊಟ್ಟಾಯಿತು. ನಾಳೆ ಮನೆಯ ವಿಳಾಸಕ್ಕೆ ಒಂದು ಪತ್ರ ಬರೆಯಬೇಕು. ಅದರಲ್ಲಿ ಬರೆಯಬೇಕಾದದ್ದೆಲ್ಲ ಸುಳ್ಳು.

ನಿನ್ನ ಅಮ್ಮ


ಜುಲೈ ೧೦

ಮಗಳಿಗೂ ಅಳಿಯಂದಿರಿಗೂ ಆಶೀರ್ವಾದ.

ನಾನು ಕ್ಷೇಮ. ಮನೆ ಇನ್ನೂ ಸಿಕ್ಕಿಲ್ಲ. ಅಳಿಯಂದಿರ ಗೆಳೆಯರು ತುಂಬ ಉಪಕಾರ ಮಾಡಿದರು. ಆ ಮನೆ ಚೆನ್ನಾಗಿಯೇ ಇದೆ, ಆದರೆ ಲಾಂಡ್ರಿಗೆ ದೂರವಾಗುತ್ತದೆ, ನನ್ನ ಮಂಡಿ ಕೇಳುವುದಿಲ್ಲ. ಸದ್ಯಕ್ಕೆ ಉದ್ದನೆಯ ಕೋಣೆಯಲ್ಲೇ ಇದ್ದೇನೆ. ಬೇರೆ ಕಡೆ ಎಲ್ಲೂ ನೋಡಿಲ್ಲ. ಸಿಕ್ಕಿದ ಕೂಡಲೇ ವಿಳಾಸ ತಿಳಿಸುತ್ತೇನೆ. ಚಿನಕುರುಳಿಯನ್ನು ಕೇಳಿದೆನೆಂದು ಹೇಳಿ.

ಅಮ್ಮ


ಜುಲೈ ೨೪

ಅಮ್ಮಾ,

ಅಕ್ಕನ ಅಂಗಡಿಯಿಂದ, ಆತುರದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಜೂನಿನ ಪತ್ರವನ್ನೂ ಈಗ ಬಂದದ್ದನ್ನೂ ಅವರು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನನ್ನನ್ನು ಕರೆದರು. "ಇದ್ರಲ್ಲಿ ಏನು ವ್ಯತ್ಯಾಸ ಹೇಳು" ಅಂದರು. ನನಗೆ ಕಾಣಲಿಲ್ಲ. ಬೆರಳಿಟ್ಟು ತೋರಿಸಿದರು. "ನಿಮ್ಮಮ್ಮ ಕಿರಾಣಿ ಚೀಟಿಯ ತಲೆ ಮೇಲೂ ದೇವರ ಹೆಸರು ಬರೆಯೋಳು. ಇದ್ರ ಮೇಲೆ ಎಲ್ಲಿ?"

ಮರೆತಿರಬೇಕು ಅಂದೆ.

"ಉಸಿರಾಡೋದು ಮರೀತಾಳಾ?" ಅಂದರು. ಹೊಡೆಯಲಿಲ್ಲ. ಅವತ್ತು ಊಟ ಚೆನ್ನಾಗಿದೆ ಅಂದರು, ಮಗುವಿಗೆ ಲೆಕ್ಕ ಹೇಳಿಕೊಟ್ಟರು. ಹೊಡೆದಿದ್ದರೆ ಆ ದಿನ ಅಲ್ಲಿಗೆ ಮುಗಿಯುತ್ತಿತ್ತು. ಈಗ ಯಾವ ದಿನವೂ ಮುಗಿಯುತ್ತಿಲ್ಲ.

ಆಗಸ್ಟ್ ಮೂರು, ಭಾನುವಾರ, ಅಲ್ಲಿಗೆ ಬರುತ್ತಾರೆ. "ಅತ್ತೆಗೆ ನಾನೇ ಒಂದು ಬಾಡಿಗೆ ಮನೆ ಹುಡುಕಿ, ಕೂರಿಸಿ ಬರ್ತೀನಿ" ಎಂದು ಬೀದಿಗೆಲ್ಲ ಹೇಳಿದ್ದಾರೆ. ನಮ್ಮ ಮೇಲೆ ಒಂದು ಕಣ್ಣಿಡಿ ಎಂದು ಎದುರು ಮನೆಯವರಿಗೂ ಹೇಳಿದ್ದಾರೆ. ಅಮ್ಮ, ಆ ಓಣಿ ಅವರಿಗೆ ಸಿಕ್ಕಿಬಿಟ್ಟರೆ ನನಗೆ ಇನ್ನೊಂದು ಓಣಿ ಇಲ್ಲ. ಮುಂಗಡ ಹೋದರೆ ಹೋಗಲಿ, ಬಿಟ್ಟುಬಿಡೋಣವೇ?

ಮಗಳು


ಜುಲೈ ೨೮
ಟೈಲರ್ ಅಕ್ಕನ ಕೈಗೆ

ದೇವರ ದಯೆ

ಮಗಳೇ,

ಬಿಡುವುದಿಲ್ಲ.

ತಪ್ಪು ನನ್ನದೇ. ಆ ಹೆಸರು ಬರೆದು ಅದರ ಕೆಳಗೆ ಸುಳ್ಳು ಬರೆಯಲು ಎರಡು ಹಾಳೆ ಹರಿದೆ, ಕೈ ಏಳಲಿಲ್ಲ. ಬರೆಯದೆ ಬಿಟ್ಟರೆ ಯಾರು ನೋಡುತ್ತಾರೆ ಅಂದುಕೊಂಡೆ. ದೇವರು ನೋಡಿದರೆ ಸಾಕು ಎಂದು ಬದುಕಿದವಳಿಗೆ ಇನ್ನೊಬ್ಬನೂ ಅಷ್ಟೇ ಸೂಕ್ಷ್ಮವಾಗಿ ನೋಡುತ್ತಾನೆಂದು ಹೊಳೆಯಲಿಲ್ಲ.

ಈಗ ಕೇಳು. ಅವನು ಇಲ್ಲಿರುವ ಹೊತ್ತು ಅಲ್ಲಿರುವುದಿಲ್ಲ. ನಮಗೆ ಸಿಗುವುದು ಅದೊಂದೇ ಹಗಲು. ಅವನು ಬಸ್ಸು ಹತ್ತಿದ ಮೇಲೆ ನೀನು ಎಂದಿನಂತೆ ಫ್ರಾಕು ಹಿಡಿದುಕೊಂಡು ಮಗುವಿನ ಜೊತೆ ಅಕ್ಕನ ಅಂಗಡಿಗೆ ಹೋಗು. ಎದುರು ಮನೆಯವರು ನೋಡಲಿ. ಅಂಗಡಿಯ ಹಿಂದಿನಿಂದ ಬಸ್ಸಿಗೆ ಹೋಗು. ಬಟ್ಟೆ, ಫೋಟೋ ಏನೂ ಬೇಡ, ನಿನ್ನ ದಾದಿ ಕೆಲಸದ ಕಾಗದ ಮಾತ್ರ ಇರಲಿ. ಇಲ್ಲಿ ದೊಡ್ಡ ನಿಲ್ದಾಣಕ್ಕೆ ಬರಬೇಡ, ಊರ ಹೊರಗಿನ ನೀರಿನ ಟ್ಯಾಂಕಿನ ಹತ್ತಿರ ಇಳಿ. ಬಿಳಿ ವ್ಯಾನು ನಿಂತಿರುತ್ತದೆ. ವ್ಯಾನು ಓಡಿಸುವವನು ಮಗುವನ್ನು "ಚಿನಕುರುಳಿ" ಎಂದು ಕರೆದರೆ ಹತ್ತು. ಬೇರೆ ಏನು ಕರೆದರೂ ಹತ್ತಬೇಡ.

ನಿನ್ನ ಗಂಡನಿಗೆ ಮನೆ ತೋರಿಸುವ ಕೆಲಸ ನನ್ನದು. ಸಂಜೆಯ ಬಸ್ಸಿನವರೆಗೂ ತೋರಿಸುತ್ತೇನೆ. ಯಾವ ಮನೆಯನ್ನೂ ಒಪ್ಪುವುದಿಲ್ಲ.

ಇದನ್ನು ಓದಿ ಸುಟ್ಟುಬಿಡು. ನನಗೆ ಭಯವಿಲ್ಲ ಎಂದು ಬರೆಯಲು ಹೊರಟಿದ್ದೆ, ಮೇಲೆ ದೇವರ ಹೆಸರಿದೆ.

ಅಮ್ಮ


ಆಗಸ್ಟ್ ೪

ದೇವರ ದಯೆ

ಟೈಲರ್ ತಂಗಿಗೆ,

ನಿನ್ನ ಅಂಗಡಿಯ ಮುಂದೆ ಎಷ್ಟೋ ವರ್ಷ ಓಡಾಡಿದ್ದೇನೆ, ಒಂದು ಗುಂಡಿ ಹಾಕಿಸಲೂ ಒಳಗೆ ಬಂದವಳಲ್ಲ. ಆದರೂ ನೀನು ಮಾಡಿದ್ದನ್ನು ಒಡಹುಟ್ಟಿದವರು ಮಾಡುವುದಿಲ್ಲ. ಅದಕ್ಕೇ ನಿನ್ನೆ ಏನಾಯಿತೆಂದು ನಿನಗೆ ತಿಳಿಸುತ್ತಿದ್ದೇನೆ.

ಅವನು ಹಣ್ಣಿನ ಚೀಲ ಹಿಡಿದುಕೊಂಡು ಬಂದ. ಲಾಂಡ್ರಿಯ ಹೆಂಗಸರ ಮುಂದೆಲ್ಲ ಅತ್ತೆ, ಅತ್ತೆ ಅಂದ. ಮೊದಲು ಹಳಿಯ ಆಚೆಗಿನ ಕಾಲೊನಿಗೆ ಹೋದೆವು. ನನಗೆ ತೆಗೆಯದ ಬಾಗಿಲುಗಳೆಲ್ಲ ಅವನಿಗೆ ತೆರೆದವು. ನಲ್ಲಿ ತಿರುಗಿಸಿ ನೋಡಿದ, ಗೋಡೆ ತಟ್ಟಿ ನೋಡಿದ, "ನಮ್ಮ ಅತ್ತೆಗೆ ಮೆಟ್ಟಿಲು ಆಗಲ್ಲ, ಕೆಳಗಡೆ ಇದೆಯಾ?" ಎಂದು ಕೇಳಿದ. ಮನೆಯವರು, "ಇಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕಮ್ಮ" ಅಂದರು. ಹೌದು ಅಂದೆ.

ನಾನು ಒಂದೊಂದಕ್ಕೂ ಒಂದೊಂದು ಕೊಂಕು ತೆಗೆದೆ. ಇಲ್ಲಿ ನೀರು ಉಪ್ಪು, ಅಲ್ಲಿ ಬಚ್ಚಲು ಕತ್ತಲು, ಇನ್ನೊಂದು ಕಡೆ ದೇವರ ಗೂಡು ಬೂಟಿನ ಸ್ಟ್ಯಾಂಡಿನ ಎದುರಿಗಿದೆ. ಹೊಸ ಮದುಮಗಳೂ ಅಷ್ಟು ಬಿನ್ನಾಣ ಮಾಡಿರಲಾರಳು. ಅವನಿಗೆ ಸಿಟ್ಟು ಬರಲಿಲ್ಲ. ನಗುತ್ತಲೇ ಇದ್ದ.

ಮಧ್ಯಾಹ್ನ ತಿರುಗಿದ ಮೇಲೆ ಅವನೇ ಕೇಳಿದ. "ಅತ್ತೆ, ಹೆರಿಗೆ ಆಸ್ಪತ್ರೆ ಕಡೆ ನೋಡ್ಲೇ ಇಲ್ವಲ್ಲ. ನಿಮ್ಮ ವ್ಯಾನು ದಿನಾ ಅಲ್ಲಿಗೆ ಹೋಗತ್ತಂತೆ, ನನ್ನ ಗೆಳೆಯ ಹೇಳ್ದ."

ಬೇಡ ಎಂದರೆ ಯಾಕೆ ಎನ್ನುತ್ತಾನೆ. ಹೋದೆವು. ಓಣಿಯ ಬಾಯಿಗೆ ಬಂದಾಗ ಮೂಲೆಯ ಕಂಬಕ್ಕೆ ಅಂಟಿಸಿದ್ದ ಬಾಡಿಗೆಯ ಚೀಟಿ ಓದಲು ಅವನು ನಿಂತ. ನಾನು ಒಳಗೆ ನೋಡಿದೆ. ಓಣಿಯ ತುದಿಯಲ್ಲಿ ವ್ಯಾನು ನಿಂತಿತ್ತು, ಹಿಂದಿನ ಬಾಗಿಲು ತೆರೆದಿತ್ತು. ಗಂಟುಗಳ ಸಂದಿಯಿಂದ ಒಂದು ಪುಟ್ಟ ಕಾಲು ಹೊರಗೆ ಬಂದು ನೆಲ ಹುಡುಕುತ್ತಿತ್ತು.

ನಾನು ರಸ್ತೆಯ ಮೇಲೆ ಕೂತುಬಿಟ್ಟೆ. ನಾಟಕ ಎಂದುಕೊಂಡೇ ಕೂತೆ ತಂಗಿ. ಏಳಲು ನೋಡಿದರೆ ಕಾಲು ನಿಜವಾಗಿಯೂ ನನ್ನ ಮಾತು ಕೇಳಲಿಲ್ಲ. ಅವನು ಬಗ್ಗಿದ, ಬೆನ್ನು ಓಣಿಗೆ, ಮುಖ ನನಗೆ. ಜನ ಸೇರಿದರು. ಯಾರೋ ಪುಣ್ಯಾತ್ಮ, "ಆಸ್ಪತ್ರೆ ಇಲ್ಲೇ ಇದೆಯಲ್ಲ, ಎತ್ಕೊಂಡು ಹೋಗಿ" ಅಂದ. ಅವನು ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಓಣಿಯ ಕಡೆಗೆ ತಿರುಗುವುದರಲ್ಲಿದ್ದ.

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. "ಈ ವಯಸ್ಸಿಗೆ ಹೆರಿಗೆ ಆಸ್ಪತ್ರೆಗಾ? ಅಳಿಯನೇ ಎತ್ಕೊಂಡು ಬಂದ ಅಂದ್ರೆ ಊರು ಏನಂದೀತು?" ಅಂದೆ. ಸೇರಿದವರೆಲ್ಲ ಗೊಳ್ಳೆಂದರು. ಅವನ ಮುಖ ಕೆಂಪಾಯಿತು. ನಾಲ್ಕು ಜನ ಹೊಗಳುವುದೆಂದರೆ ಅವನಿಗೆ ಪ್ರಾಣ, ನಗುವುದನ್ನು ಮಾತ್ರ ತಡೆಯಲಾರ. ಆಟೋ ಕೂಗಿ, ನನ್ನನ್ನು ಅದರೊಳಗೆ ತುಂಬಿ ಹೊರಟೇಬಿಟ್ಟ.

ಆಟೋದಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು ಕೂತ. ನೋಡುವವರಿಗೆ ಮುದುಕಿಯ ನಾಡಿ ನೋಡುತ್ತಿದ್ದಾನೆ ಅನ್ನಿಸಬೇಕು. ಇವತ್ತು ಅಲ್ಲಿ ನೀಲಿಯಾಗಿದೆ. "ಆ ಪತ್ರದ ಮೇಲೆ ದೇವರ ಹೆಸರು ಯಾಕೆ ಬರೀಲಿಲ್ಲ ಅತ್ತೆ?" ಎಂದು ಕೇಳಿದ. "ಅವತ್ತು ನನ್ನ ಮನಸ್ಸು ಶುದ್ಧವಿರಲಿಲ್ಲಪ್ಪ" ಅಂದೆ. ನನ್ನ ಕಣ್ಣನ್ನೇ ನೋಡಿದ. ನಿಜ ಹೇಳುತ್ತಿದ್ದೆನಾದ್ದರಿಂದ ನಾನೂ ನೋಡಿದೆ. ಸಂಜೆಯ ಬಸ್ಸು ಹತ್ತಿದ.

ಮಗಳು, ಮೊಮ್ಮಗಳು ಮನೆಯೊಳಗಿದ್ದಾರೆ. ನಾನು ಇನ್ನೂ ಲಾಂಡ್ರಿಯ ಉದ್ದನೆಯ ಕೋಣೆಯಲ್ಲೇ ಮಲಗುತ್ತೇನೆ. ಅವನೋ ಅವನ ಗೆಳೆಯನೋ ಬಂದು ನೋಡಿದರೆ ನಾನು ಅಲ್ಲೇ ಇರಬೇಕು. ಮೂವರಿಗೆಂದು ಹಿಡಿದ ಮನೆಗೆ ಗಂಟುಗಳ ನಡುವೆ ಕೂತು ಬಂದು, ಒಂದು ಗಳಿಗೆ ಇದ್ದು, ಗಂಟುಗಳ ನಡುವೆಯೇ ಹೋಗುತ್ತೇನೆ. ಕೋಣೆ ಖಾಲಿ ಮಾಡಿಸಿದ ಮೇಲೆ ಏನೆಂದು ಇನ್ನೂ ಗೊತ್ತಿಲ್ಲ. ಇವತ್ತು ಹೋದಾಗ ಚಿನಕುರುಳಿ ನಲ್ಲಿಯ ಹತ್ತಿರ ನಿಂತಿದ್ದಳು. "ಜೋರಾಗಿ ಬಿಡ್ಲಾ ಅಜ್ಜಿ?" ಎಂದು ಕೇಳಿದಳು. ಬಿಡು ಪುಟ್ಟಾ ಅಂದೆ. ಸ್ವಲ್ಪ ಬಿಟ್ಟಳು, ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿ ನಿಲ್ಲಿಸಿದಳು.

ಈ ಕಾಗದ ಮುಟ್ಟುವಷ್ಟರಲ್ಲಿ ಅವನು ನಿನ್ನ ಅಂಗಡಿಗೆ ಬಂದಿರುತ್ತಾನೆ. ನಗುತ್ತಾ ಬಂದಿರುತ್ತಾನೆ. ಹೊಲಿಯಲು ಏನಾದರೂ ಕೊಟ್ಟಿರುತ್ತಾನೆ. ನಮಗಾಗಿ ಸುಳ್ಳು ಹೇಳು ಎಂದು ನಾನು ಕೇಳುವುದಿಲ್ಲ. ಅವರು ಯಾವ ಬೀದಿಯಲ್ಲಿದ್ದಾರೋ ನಿನಗೆ ಗೊತ್ತಿಲ್ಲ, ಅಷ್ಟು ಹೇಳಿದರೆ ಸಾಕು, ಅದು ನಿಜ. ಅದು ನಿಜವಾಗಿಯೇ ಉಳಿಯಲಿ ಎಂದು ನಾನು ಇದರಲ್ಲಿ ಊರಿನ ಹೆಸರನ್ನೂ ಓಣಿಯ ಹೆಸರನ್ನೂ ಬರೆದಿಲ್ಲ. ನೀನೂ ಇದನ್ನು ಓದಿ ಸುಟ್ಟುಬಿಡು. ವ್ಯಾನಿನವನು ಇದನ್ನು ಬೇರೆ ಯಾವುದೋ ಊರಿನ ಅಂಚೆ ಡಬ್ಬಿಗೆ ಹಾಕುತ್ತಾನೆ.

ಕಾಗದ ಸೇರಿತು ಎಂದು ತಿಳಿಸಲು ಕೂಡ ಬರೆಯಬೇಡ ತಂಗಿ. ಆ ಮನೆಗೆ ಒಂದು ಉತ್ತರ ಬಂತೆಂದರೆ, ನಮ್ಮ ವಿಳಾಸ ಯಾರಿಗೋ ಗೊತ್ತಾಗಿದೆ ಎಂದೇ ಅರ್ಥ.

ಚಿನಕುರುಳಿಯ ಅಜ್ಜಿ